ದಿನದ ಓಡಾಟಕ್ಕೊಂದು ಎತ್ತರದ ಗಾಡಿ

ಕಲಬುರ್ಗಿಯಲ್ಲಿ ಯಾರಾದರೂ ಗಾಡಿ ತಗೋತೀನಿ ಅಂದರೆ ಸಾಕು, ಕೀಲಿ ಕೈಗೆ ಬರುವ ಮೊದಲೇ ನಾಲ್ಕು ಜನ ಒಳಗೆ ಹತ್ತಿ ಕೂತಿರುತ್ತಾರೆ. ನನಗೂ ಹಾಗೇ ಆಯಿತು. ಎರಡು ಸಾವಿರದ ಇಸವಿಯ ಆಚೀಚಿನ ಮಾತು. ಶಹಾಬಜಾರದ ಮನೆಯಿಂದ ಕಮಲಾಪುರದ ಹೈಸ್ಕೂಲಿಗೆ ದಿನಾ ಪಾಠ ಹೇಳಲು ಹೋಗುತ್ತಿದ್ದೆ. ಬಸ್ಸಿನಲ್ಲಿ ನಿಂತು ನಿಂತು ಸಾಕಾಗಿ, ತಗ್ಗುದಿನ್ನೆಗೆ ಹೆದರದ, ಡೀಸೆಲ್ ಕಡಿಮೆ ಕುಡಿಯುವ, ಜೀಪಿನಂಥ ಎತ್ತರದ ಗಾಡಿ ಹುಡುಕಲು ಹೊರಟೆ.

೧. ಶೋರೂಮಿನಲ್ಲಿ ಅವ್ವ

ಮೊದಲು ಹೊಸ ಗಾಡಿ ನೋಡೋಣವೆಂದು ಅವ್ವನನ್ನು ಶೋರೂಮಿಗೆ ಕರಕೊಂಡು ಹೋದೆ. ಕಚ್ಚೆ ಸೀರೆಯ ಅವ್ವ ಗಾಡಿಯ ಎತ್ತರ ನೋಡಿ, ಇದನ್ನ ಹತ್ತಬೇಕೋ ಏರಬೇಕೋ ಅಂತ ಕೇಳಿದಳು. ಅಂತೂ ಏರಿ ಕೂತಳು. ಸೇಲ್ಸ್‌ಮನ್ ಎಸಿ ಹಚ್ಚಿದ. ಹೊರಗೆ ಕಲಬುರ್ಗಿಯ ಮೇ ತಿಂಗಳ ಬಿಸಿಲು. ಇಳಿ ಅಂದರೆ ಅವ್ವ ಕಣ್ಣು ಮುಚ್ಚಿಕೊಂಡಳು.

ಅಷ್ಟರಲ್ಲಿ ಇನ್ನೊಂದು ಮನೆಯವರು ಗಾಡಿ ನೋಡಲು ಬಂದು ಬಾಗಿಲು ತೆಗೆದರು. ಅವ್ವ ಸೆರಗು ಸರಿ ಮಾಡಿಕೊಂಡು ಸಮಾಧಾನದಿಂದ ಹೇಳಿದಳು:

"ಇದು ತುಂಬ್ಯಾದ್ರಿ. ಹಿಂದಿನ ಗಾಡಿಗೆ ಬರ್ರಿ."

ಅವರು ಬಾಗಿಲು ಹಾಕಿ, ನಿಜವಾಗಿಯೂ ಹಿಂದಿನ ಗಾಡಿಗೆ ಹೋದರು.

೨. ಬಾಟಲಿ ಪರೀಕ್ಷೆ

ಹೊಸದು ನಮಗೆ ನಿಲುಕಲಿಲ್ಲ. ಶರಣಸಿರಸಗಿಯಲ್ಲೊಂದು ಹಳೆಯದು ಸಿಕ್ಕಿತು. ಎವರೇಜ್ ಛಲೋ ಅದ, ಲೀಟರಿಗೆ ಭಾಳ ದೂರ ಓಡ್ತದ ಅಂತ ಮಾಲೀಕ ಆಣೆ ಮಾಡಿದ. ನನ್ನ ಕಾಕಾ ಆಣೆ ನಂಬುವವನಲ್ಲ. ಮೆಕ್ಯಾನಿಕ್‌ನನ್ನು ಕರೆಸಿ, ಟ್ಯಾಂಕಿನ ಪೈಪು ಬಿಚ್ಚಿಸಿ, ಒಂದು ಲೀಟರ್ ಡೀಸೆಲ್ ತುಂಬಿದ ಬಾಟಲಿಗೆ ಹಚ್ಚಿಸಿದ. ಕಮಲಾಪುರ ರಸ್ತೆ ಹಿಡಿದೆವು. ಗಾಳಿ ಒಳಗೆ ಹೊಕ್ಕರೆ ಗಾಡಿಯನ್ನು ಹಿಂದಕ್ಕೆ ಜಗ್ಗುತ್ತದೆ ಅಂತ ಕಾಕಾ ಕಿಟಕಿ ತೆಗೆಯಗೊಡಲಿಲ್ಲ. ಎಸಿಯಂತೂ ಮಾತೇ ಇಲ್ಲ. ನಾವು ಕಡುಬಿನ ಹಾಗೆ ಬೆಂದೆವು.

ಡೀಸೆಲ್ ಮುಗಿದು ಗಾಡಿ ನಡುದಾರಿಯಲ್ಲಿ ನಿಂತಿತು. ಮತ್ತೆ ಟ್ಯಾಂಕಿಗೆ ಪೈಪು ಹಚ್ಚಿದರೆ ಪೈಪಿನೊಳಗೆ ಗಾಳಿ ಹೊಕ್ಕು ಚಾಲೂ ಆಗಲಿಲ್ಲ. ನಾನೂ ಮೆಕ್ಯಾನಿಕ್ಕೂ ಬೇವಿನ ಮರದ ನೆರಳಿನವರೆಗೆ ನೂಕಿದೆವು. ಕಾಕಾ ಇಳಿಯಲಿಲ್ಲ. ಮುಂದಿನ ಸೀಟಿನಲ್ಲಿ ಕೂತು ಮೀಟರ್ ನೋಡುತ್ತಿದ್ದ.

"ನೂಕಿದ್ದೂ ಲೆಕ್ಕಕ್ಕ ಹಿಡಿಯೋ," ಅಂದ. "ಗಾಡಿ ಮುಂದ ಬಂದದ್ದು ಖರೆ, ಡೀಸೆಲ್ ಅಂತೂ ಹತ್ತಿಲ್ಲ. ಎವರೇಜ್ ಭಾಳ ಛಲೋ ಅದ, ತಗೋ."

ತಗೊಂಡೆ.

೩. ಗಾಡಿ ಮನೆಗೆ ಬಂತು

ಗುಡಿಯಲ್ಲಿ ಪೂಜೆ ಮಾಡಿಸಿದೆವು. ಭಟ್ಟರು ಗಾಡಿಗೊಂದು ಹಾರ ಹಾಕಿ ಉಳಿದದ್ದನ್ನು ನನ್ನ ಕೊರಳಿಗೆ ಹಾಕಿದರು. ನನಗಿನ್ನೂ ಓಡಿಸಲು ಬರುತ್ತಿರಲಿಲ್ಲ; ಮೆಕ್ಯಾನಿಕ್ ಓಡಿಸುತ್ತಿದ್ದ, ಹಿಂದೆ ನಾನು ಮತ್ತು ಅವ್ವ. ಕಾಕಾ ಇಳಿದು ನಮ್ಮ ಓಣಿಯಲ್ಲಿ ಮುಂದೆ ಮುಂದೆ ನಡೆಯುತ್ತ, ಬರ್ಲಿ ಬರ್ಲಿ ಅಂತ ಕೈ ಮಾಡಿದ. ಬಂತು. ಎರಡು ಗೋಡೆಗಳ ನಡುವೆ ಬೆಣೆಯ ಹಾಗೆ ಸಿಕ್ಕಿಕೊಂಡಿತು.

ಯಾವ ಬಾಗಿಲೂ ತೆಗೆಯಲು ಬರಲಿಲ್ಲ, ನನ್ನ ಪಕ್ಕದ್ದೊಂದು ಬಿಟ್ಟು. ಅದು ಬಾಜು ಮನೆಯ ಚಾಚಾ ಅವರ ತೆರೆದ ಬಾಗಿಲಿಗೆ ಸರಿಯಾಗಿ ಎದುರಾಗಿತ್ತು. ಹೀಗಾಗಿ ಗಾಡಿಯಿಂದ ಇಳಿದವನು ನೆಟ್ಟಗೆ ಅವರ ಪಡಸಾಲೆಯಲ್ಲಿ ನಿಂತೆ.

ಅಲ್ಲಿ ಅವತ್ತು ಚಾಚಾ ಅವರ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದು ಕೂತಿದ್ದರು. ಕೊರಳಲ್ಲಿ ಹಾರ, ಕೈಯಲ್ಲಿ ತೆಂಗಿನಕಾಯಿ, ಹಣೆಗೆ ಕುಂಕುಮ ಇಟ್ಟುಕೊಂಡು ನಿಂತ ನನ್ನನ್ನು ನೋಡಿ ಎಲ್ಲರ ಕೈಯಲ್ಲಿನ ಚಹಾ ಅಲ್ಲಲ್ಲೇ ನಿಂತಿತು. ಬಾಜು ಮನಿಯವರು, ಗಾಡಿ ಸಿಕ್ಕೊಂಡದ ಅಂತ ಚಾಚಾ ಬೆವರು ಒರೆಸುತ್ತ ತಿಳಿಸಿ ಹೇಳಿದರು.

ಗಂಡಿನ ತಂದೆ ಬಹಳ ಮರ್ಯಾದೆಯಿಂದ ನನ್ನನ್ನು ಕೇಳಿದರು, "ಇನ್ನೂ ಯಾರರೆ ಬರೋರು ಇದ್ದಾರೇನ್ರಿ?"

ಇಲ್ಲ ಅನ್ನುವಷ್ಟರಲ್ಲಿ ನನ್ನ ಹಿಂದಿನಿಂದ ಅವ್ವನ ಒಂದು ಕಾಲು ಒಳಗೆ ಬಂತು. ಇನ್ನೊಂದು ಕಾಲು ಕಚ್ಚೆ ಸಿಕ್ಕು ಗಾಡಿಯಲ್ಲೇ ಉಳಿಯಿತು. ಮದುಮಗನಾಗಬೇಕಾದವನೇ ಎದ್ದು ಬಂದು ಅವಳ ಕೈ ಹಿಡಿದು ಇಳಿಸಿದ, ತನ್ನ ಕುರ್ಚಿ ಕೊಟ್ಟ. ಪರದೆಯ ಹಿಂದೆ ಹುಡುಗಿ ನಕ್ಕಳು. ಅವ್ವ ನೀರು ಕುಡಿದು, ಹುಡುಗ ಏನು ಓದಿದ್ದಾನೆ, ಏನು ಕೆಲಸ, ಸಿಟ್ಟು ಬರ್ತದೇನು ಅಂತ ತಾನೇ ವಿಚಾರಿಸತೊಡಗಿದಳು.

ಗಾಡಿಯನ್ನು ಹಿಂದಕ್ಕೆ ಎಳೆಸಿ ಕುಸನೂರಿನ ತಂಗಿಯ ಅಂಗಳಕ್ಕೆ ಕಳಿಸಿದೆವು. ಸಂಬಂಧ ಕುದುರಿತು. ಮರುದಿನ ಚಾಚಾ ಮಿಠಾಯಿ ತಂದರು. ಏನಂದ್ರು ಗಂಡಿನ ಕಡಿಯವ್ರು ಅಂತ ಕೇಳಿದೆ.

"ಏನ್ ಹೇಳ್ಲಿ," ಅಂದರು ಚಾಚಾ. "ನೋಡ್ಲಿಕ್ಕೆ ಬಂದದ್ದು ನಮ್ಮ ಹುಡುಗಿನ್ನ, ನೋಡಿ ಹೋಗಿದ್ದು ನಿಮ್ಮ ಅವ್ವನ್ನ."