ಕಿವಿಯೊಳಗೇ ಬಂದ ಟಿ.ವಿ.

ಪೂರ್ತಿ ಕಿವುಡನಾದವನಿಗೆ ಸಂಸಾರದಲ್ಲಿ ಒಂದು ನೆಮ್ಮದಿಯಿದೆ: ಅವನಿಗೆ ಯಾರೂ ಏನೂ ಹೇಳಲು ಹೋಗುವುದಿಲ್ಲ. ಕಷ್ಟವೆಲ್ಲ ನನ್ನಂಥ ಅರ್ಧ ಕಿವುಡರದು. ನಮಗೆ ಬೇಕಾದದ್ದು ಕೇಳಿಸುತ್ತದೆ, ಬೇಡವಾದದ್ದು ಕೇಳಿಸುವುದಿಲ್ಲ ಎಂದು ಇಡೀ ಮನೆಯೇ ನಂಬಿಬಿಟ್ಟಿರುತ್ತದೆ. ರೇಷನ್ ತರಲು ಹೇಳಿದರೆ ಕೇಳದ ಈ ಮನುಷ್ಯನಿಗೆ ಒಳಗೆ ಚಹಾ ಸೋಸಿದ ಸದ್ದು ಮಾತ್ರ ಅದು ಹೇಗೆ ಕೇಳುತ್ತದೆ ಎಂದು ನನ್ನ ಹೆಂಡತಿ ಗಂಗಮ್ಮ ಅಕ್ಕಪಕ್ಕದವರನ್ನೆಲ್ಲ ಕೇಳುತ್ತಿದ್ದಳು. ಇದರಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಚಹಾಕ್ಕೆ ಘಮ ಎಂಬುದೂ ಒಂದಿದೆಯಲ್ಲ, ಅದನ್ನು ಅವಳು ಲೆಕ್ಕಕ್ಕೆ ಹಿಡಿಯಬೇಕಿತ್ತು.

ನನ್ನ ಕಿವಿ ಹೋದದ್ದು ವಯಸ್ಸಿನಿಂದಲ್ಲ, ಕೆಲಸದಿಂದ. ಸಂಡೂರು ಕಡೆಯ ಯಶವಂತನಗರದ ಹತ್ತಿರದ ಮ್ಯಾಂಗನೀಸ್ ಗಣಿಯಲ್ಲಿ ನಾನು ಇಪ್ಪತ್ತೆರಡು ವರ್ಷ ಬ್ಲಾಸ್ಟರ್ ಆಗಿದ್ದೆ. ನನ್ನ ಜೋಡಿ ಹನುಮಂತಪ್ಪ. ಅವನೂ ಅಷ್ಟೇ ವರ್ಷ ಬಂಡೆ ಸಿಡಿಸಿದವನು, ಅಷ್ಟೇ ಕಿವುಡ. ಕಂಪನಿ ನಮಗೆ ಕೊಟ್ಟ ಮನೆಗಳೂ ಜೋಡಿಯೇ, ನಡುವೆ ಒಂದೇ ಗೋಡೆ. ನಮ್ಮ ಕೆಲಸದಲ್ಲಿ ಒಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಎಷ್ಟು ತೂತಿಗೆ ಮದ್ದು ತುಂಬಿ ಬತ್ತಿ ಹಚ್ಚಿದ್ದೇವೋ ಅಷ್ಟು ಸದ್ದನ್ನು ಮರೆಯಲ್ಲಿ ನಿಂತು ಇಬ್ಬರೂ ಬೇರೆ ಬೇರೆಯಾಗಿ, ಮನಸ್ಸಿನಲ್ಲೇ ಎಣಿಸಬೇಕು. ಆಮೇಲೆ ಇಬ್ಬರ ಎಣಿಕೆಯೂ ಕೂಡಿಬಂದರೆ ಮಾತ್ರ ಮುಂದೆ ಹೆಜ್ಜೆ. ಕೂಡಿಬರದಿದ್ದರೆ ಒಂದು ತೂತು ಇನ್ನೂ ಸಿಡಿಯದೆ ಕೂತಿದೆ ಎಂದೇ ತಿಳಿದು, ಬೀಡಿ ಸೇದುತ್ತ ಕಾಯಬೇಕು. ಬೀಡಿಯನ್ನು ದೂರ ಹೋಗಿ ಸೇದಬೇಕು ಎನ್ನುವುದು ಬೇರೆ ಮಾತು.

ಒಂದು ದಿನ ಎಣಿಕೆ ಕೂಡಲಿಲ್ಲ. ಒಬ್ಬ ಹನ್ನೆರಡು ಅಂದ, ಇನ್ನೊಬ್ಬ ಹನ್ನೊಂದು ಅಂದ. ಹನ್ನೆರಡು ಎಂದವನು ಮನೆಗೆ ಹೋಗುವ ಅವಸರದಲ್ಲಿ ಮುಂದೆ ನುಗ್ಗಿದ. ಹನ್ನೊಂದು ಎಂದವನು ಅವನ ಅಂಗಿ ಹಿಡಿದು ಹಿಂದಕ್ಕೆ ಎಳೆದ. ಅಂಗಿ ಹರಿಯಿತು, ಅದೇ ಹೊತ್ತಿಗೆ ಹನ್ನೆರಡನೆಯದು ಢಂ ಎಂದಿತು. ಈ ಕಥೆಯನ್ನು ನಾನು ಹೋಟೆಲಿನಲ್ಲಿ, ಬಸ್ಸಿನಲ್ಲಿ, ಬೀಗರ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ ನನಗೇ ಗೊತ್ತಿಲ್ಲ. ಹೇಳುತ್ತ ಹೇಳುತ್ತ ಅದು ಹೇಗೋ ಒಂದು ಮಗ್ಗುಲಿಗೆ ಹೊರಳಿಬಿಟ್ಟಿತು. ಹನ್ನೊಂದು ಎಂದವನು ನಾನು, ಅಂಗಿ ಹರಿದದ್ದು ಹನುಮಂತಪ್ಪನದು ಎಂದಾಯಿತು. ಹನುಮಂತಪ್ಪನ ಮಗಳ ನಿಶ್ಚಯಕ್ಕೆ ವಡ್ಡು ಎಂಬ ಊರಿನಿಂದ ಗಂಡಿನ ಕಡೆಯವರು ಬಂದಾಗ ಹೋಳಿಗೆಯ ಹುರುಪಿನಲ್ಲಿ ಅದನ್ನೇ ಹೇಳಿದೆ. ಬೀಗರು ಕಣ್ಣರಳಿಸಿ, ಹಾಗಾದರೆ ನಮ್ಮ ಬೀಗರ ಜೀವ ಉಳಿಸಿದವರು ನೀವೇ ಎಂದು ನನಗೆ ಕೈಮುಗಿದರು. ನಾನೂ ಮುಗಿದೆ. ಹನುಮಂತಪ್ಪ ಎಲೆಯ ಮುಂದಿನಿಂದ ಎದ್ದು ಹೋದ. ಅಂದಿನಿಂದ ನಾಲ್ಕು ತಿಂಗಳು ಅವನು ನನ್ನ ಹೊಸ್ತಿಲು ತುಳಿಯಲಿಲ್ಲ. ಎದುರಿಗೆ ಸಿಕ್ಕರೆ ಗುಡ್ಡ ನೋಡುತ್ತ ದಾಟುತ್ತಿದ್ದ. ಸಂಡೂರಿನ ಸುತ್ತ ಯಾವ ಕಡೆಗೆ ತಿರುಗಿದರೂ ನೋಡಲು ಒಂದು ಗುಡ್ಡ ಸಿಕ್ಕೇ ಸಿಗುತ್ತದೆ.

ಆ ನಾಲ್ಕು ತಿಂಗಳಲ್ಲೇ ನಮ್ಮ ಮನೆಗೆ ಟಿ.ವಿ. ಬಂತು. ಗಂಗಮ್ಮನ ತಮ್ಮನದು ಕಂಪ್ಲಿಯಲ್ಲಿ ಕಾಲುವೆ ನೀರಿನ ಗದ್ದೆ. ಎರಡು ಬೆಳೆ ಬೆಳೆದು ಅವನು ಟಿ.ವಿ. ತಂದ ಮೇಲೆ ನಾವು ತರದೆ ಇರುವುದು ಸಾಧ್ಯವಿರಲಿಲ್ಲ. ಹೊಸಪೇಟೆಯಿಂದ ಅದನ್ನು ಬಸ್ಸಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ. ಹಳೆಯ ಡ್ರಿಲ್ಲಿಂಗ್ ರಾಡಿಗೆ ಆಂಟೆನಾ ಕಟ್ಟಿ ನಿಲ್ಲಿಸಿದ್ದಾಯಿತು. ಕಿವಿಯ ಯಂತ್ರವಂತೂ ಮೊದಲೇ ಇತ್ತು. ಕಂಪನಿಯವರು ನನ್ನನ್ನೂ ಹನುಮಂತಪ್ಪನನ್ನೂ ಒಂದೇ ದಿನ ಹೊಸಪೇಟೆಗೆ ಕಳಿಸಿ ಒಂದೇ ತರಹದ್ದನ್ನು ಕೊಡಿಸಿದ್ದರು. ಬೆಂಕಿಪೊಟ್ಟಣಕ್ಕಿಂತ ಒಂದಿಷ್ಟು ದೊಡ್ಡದು, ಅಂಗಿಯ ಜೇಬಿನಲ್ಲಿ ಕೂರುತ್ತದೆ, ಒಂದು ವೈರು ಕಿವಿಗೆ ಹೋಗುತ್ತದೆ, ಒಳಗೆ ಒಂದೇ ಒಂದು ಪೆನ್ಸಿಲ್ ಸೆಲ್. ಆದರೆ ಅದಕ್ಕೆ ಟಿ.ವಿ. ಯಾವುದು, ಅಡುಗೆಮನೆಯ ಒಗ್ಗರಣೆ ಯಾವುದು ಎಂಬ ವಿವೇಕವಿಲ್ಲ. ವಾರ್ತೆ ಓದುವವಳ ದನಿಯ ಮೇಲೆ ಸಾಸಿವೆ ಸಿಡಿಯುತ್ತಿತ್ತು. ನಾನು ವಾಲ್ಯೂಮ್ ಏರಿಸುತ್ತಿದ್ದೆ. ಕಂಪನಿ ಮನೆಗಳ ಸಾಲಿನ ಕೊನೆಯ ಮನೆಯವರೆಗೂ ದೇಶದ ಸಮಾಚಾರ ತಲುಪಿದಾಗ ಗಂಗಮ್ಮ ಬಂದು ಬಂದ್ ಮಾಡುತ್ತಿದ್ದಳು.

ಈ ಜಗಳ ಬಗೆಹರಿಸಿದವನು ಸಂಡೂರಿನ ಮೈಕ್ ಸೆಟ್ ಖಾಜಾ. ಮದುವೆ ಮುಂಜಿಗೆಲ್ಲ ಮೈಕು ಕಟ್ಟುವವನು, ವೈರು ಕಂಡರೆ ಊಟ ಬಿಡುವವನು. ನನ್ನ ಯಂತ್ರವನ್ನು ತಿರುಗಿಸಿ ನೋಡಿ, ಅದರ ಮೇಲೊಂದು ಪುಟ್ಟ ಗುಂಡಿ ತೋರಿಸಿದ. ಟೆಲಿಫೋನಿಗೆಂದು ಇಟ್ಟ ಗುಂಡಿ ಅದು. ಅತ್ತ ಸರಿಸಿದರೆ ಯಂತ್ರಕ್ಕೆ ಹೊರಗಿನ ಸದ್ದೇ ಕೇಳುವುದಿಲ್ಲವಂತೆ, ಸುತ್ತಲಿನ ವೈರಿನಲ್ಲಿ ಹರಿಯುವುದು ಮಾತ್ರ ಕೇಳುತ್ತದಂತೆ. ನಮ್ಮ ಮನೆಯಲ್ಲಿ ಟೆಲಿಫೋನೇ ಇಲ್ಲದ್ದರಿಂದ ನಾನು ಅದನ್ನು ಮುಟ್ಟಿರಲಿಲ್ಲ. ಖಾಜಾ ಹಳೆಯದೊಂದು ಆಂಪ್ಲಿಫೈಯರ್ ತಂದು ಟಿ.ವಿ.ಗೆ ಜೋಡಿಸಿದ. ಅದರಿಂದ ತಾಮ್ರದ ತಂತಿಯೊಂದನ್ನು ಎಳೆದು, ಕೋಣೆಯ ನಾಲ್ಕೂ ಗೋಡೆಯ ಬುಡದಲ್ಲಿ ಸುತ್ತಿ, ಮೊಳೆ ಹೊಡೆದು ಕೂರಿಸಿದ. ಆಮೇಲೆ ಗುಂಡಿ ಸರಿಸಿದ. ಆ ಗಳಿಗೆಯನ್ನು ಹೇಗೆ ಹೇಳಲಿ? ವಾರ್ತೆಯವಳು ನೇರ ನನ್ನ ಕಿವಿಯೊಳಗೇ ಬಂದು ಕೂತು ಮಾತಾಡಿದಳು. ಒಗ್ಗರಣೆಯಿಲ್ಲ, ಗಂಗಮ್ಮನಿಲ್ಲ. ಹೊರಗೆ ಟಿ.ವಿ.ಯ ಸದ್ದು ಪಿಸುಮಾತಿನಷ್ಟು, ನನ್ನೊಳಗೆ ಮಾತ್ರ ಗಂಟೆ ಬಾರಿಸಿದಷ್ಟು ಸ್ಪಷ್ಟ. ಇಪ್ಪತ್ತು ವರ್ಷದಿಂದ ಕೇಳದ 'ಸ'ಕಾರ 'ಶ'ಕಾರಗಳನ್ನು ಕೇಳಿ ನನ್ನ ಕಣ್ಣಲ್ಲಿ ನೀರು ಬಂತು. ಒಂದೇ ತೊಂದರೆಯೆಂದರೆ ನೆಟ್ಟಗೆ ಕೂರಬೇಕು. ಅಡ್ಡಾದರೆ ಜೇಬಿನ ಯಂತ್ರವೂ ಅಡ್ಡಾಗಿ ಸದ್ದು ಮಾಯವಾಗುತ್ತಿತ್ತು. ಮೇಷ್ಟರ ಮುಂದೆಯೂ ಹಾಗೆ ಕೂತವನಲ್ಲ ನಾನು, ಟಿ.ವಿ. ಮುಂದೆ ಕೂತೆ.

ಹೀಗಿರುವಾಗ ಒಂದು ಮಧ್ಯಾಹ್ನ ಹನುಮಂತಪ್ಪನ ಹೆಂಡತಿ ತಾಯಮ್ಮ ಹಿತ್ತಿಲಿನಿಂದ ನಮ್ಮ ಮನೆಗೆ ಬಂದಳು. ಗಂಡಸರ ಮಾತು ನಿಂತರೂ ಹೆಂಗಸರ ನಡುವೆ ಹೆಪ್ಪು, ಸಾರು ಓಡಾಡುತ್ತಲೇ ಇದ್ದವು. ಅವಳ ಮುಖ ಬಾಡಿತ್ತು. ಗಂಡನಿಗೆ ಏನೋ ಆಗಿದೆಯಂತೆ. ದಿನಾ ಸಂಜೆ ಸ್ಟೂಲು ಎಳೆದುಕೊಂಡು ನಮ್ಮ ಕಡೆಯ ಗೋಡೆಗೆ ಒತ್ತಿ ನೆಟ್ಟಗೆ ಕೂರುತ್ತಾನಂತೆ. ಬರೀ ಗೋಡೆ ನೋಡಿ ನಗುತ್ತಾನಂತೆ, ತಲೆಯಾಡಿಸುತ್ತಾನಂತೆ, ಒಮ್ಮೊಮ್ಮೆ ಗೋಡೆಗೆ ಬೈಯುತ್ತಾನಂತೆ. ಮಾತಾಡಿಸಿದರೆ ಉತ್ತರವಿಲ್ಲ. ತಾಯತ ಕಟ್ಟಿಸಲೋ, ಹೊಸಪೇಟೆಯ ಡಾಕ್ಟರಿಗೆ ತೋರಿಸಲೋ ಎಂದು ಅವಳು ಗಂಗಮ್ಮನನ್ನು ಕೇಳುತ್ತಿದ್ದಳು. ಗಂಗಮ್ಮ ನನ್ನನ್ನು ನೋಡಿದಳು. ನಾನು ಗೋಡೆಯ ಬುಡದ ತಂತಿ ನೋಡಿದೆ.

ತಂತಿಗೆ ಮನೆಯ ಗಡಿ ಗೊತ್ತಿಲ್ಲ. ಖಾಜಾ ಸುತ್ತಿದ ಸದ್ದು ಗೋಡೆ ದಾಟಿ ಆಚೆಗೂ ಹರಿಯುತ್ತಿತ್ತು. ಆಚೆಗಿದ್ದದ್ದು ಅದೇ ಯಂತ್ರ, ಅದೇ ಗುಂಡಿ. ಅವನು ಎಂದೋ ಕೈತಪ್ಪಿ ಗುಂಡಿ ಸರಿಸಿರಬೇಕು, ಗೋಡೆ ಮಾತಾಡಿರಬೇಕು. ಗೋಡೆಗೂ ಕಿವಿಯಿರುತ್ತದೆ ಎಂದು ಹಿರಿಯರು ಹೇಳಿದ್ದನ್ನು ಕೇಳಿದ್ದೆ, ಆ ಕಿವಿಗೆ ಸೆಲ್ ಬೇಕಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. ಖಚಿತ ಮಾಡಿಕೊಳ್ಳಲು ಅಂದು ಸಂಜೆ ಕ್ರಿಕೆಟ್ಟಿನಲ್ಲಿ ಬೌಲರ್ ಓಡಿ ಬರುವಾಗ ಟಿ.ವಿ. ಆರಿಸಿದೆ. ಹನುಮಂತಪ್ಪ ಸ್ಟೂಲಿನಿಂದೆದ್ದು ಯಂತ್ರಕ್ಕೆ ಎರಡು ಏಟು ಹೊಡೆದನೆಂದು ತಾಯಮ್ಮ ಹಿತ್ತಿಲಿನಿಂದ ವರದಿ ಕೊಟ್ಟಳು. ಅವಳಿಗೆ ವಿಷಯ ಬಿಡಿಸಿ ಹೇಳಿದೆವು, ಗಂಡನಿಗೆ ಹೇಳಬೇಡವೆಂದು ಆಣೆ ಹಾಕಿಸಿದೆವು. ನನಗೆ ಮೊದಲು ಬಂದದ್ದು ಸಿಟ್ಟು. ನನ್ನ ಹೊಸ್ತಿಲು ಬೇಡ, ನನ್ನ ಟಿ.ವಿ. ಬೇಕೋ ಎಂದು. ಎರಡು ದಿನ ಬೇಕೆಂದೇ ವಿಕೆಟ್ಟು ಬೀಳುವ ಹೊತ್ತಿಗೆ ಆರಿಸಿ ಸುಖಪಟ್ಟೆ. ಮೂರನೆಯ ದಿನ ಯಾವುದೋ ನಾಟಕ ನೋಡುತ್ತ ನಾನು ನಕ್ಕಾಗ, ಗೋಡೆಯಾಚೆ ಅವನೂ ಈಗಲೇ ನಗುತ್ತಿರಬೇಕು ಅನ್ನಿಸಿತು. ಇಪ್ಪತ್ತೆರಡು ವರ್ಷ ಒಟ್ಟಿಗೆ ಬುತ್ತಿ ಬಿಚ್ಚಿದವನು ಗೋಡೆಗೆ ಭುಜ ಕೊಟ್ಟು ಒಬ್ಬನೇ ನಗುತ್ತಿದ್ದಾನೆ. ನನಗೆ ಬಹಳ ಕೆಟ್ಟದೆನಿಸಿತು. ಆಮೇಲೆ ಆರಿಸಲಿಲ್ಲ.

ತಪ್ಪಾಯಿತು ಎನ್ನಬೇಕಿತ್ತು. ಆದರೆ ಎದುರು ನಿಂತು ಹೇಳುವುದು ನನ್ನಿಂದಾಗದ ಮಾತು. ಬಿದ್ದರೂ ಮೀಸೆ ಮಣ್ಣಾಗಬಾರದು ಎನ್ನುವ ಜಾತಿ ನಮ್ಮದು. ಆಗ ಖಾಜಾನ ಆಂಪ್ಲಿಫೈಯರ್ ನೆನಪಾಯಿತು. ಅದು ಮದುವೆಮನೆಯ ಸೆಟ್ಟು, ಮೈಕು ಹಾಕುವ ಜಾಗ ಇದ್ದೇ ಇತ್ತು, ಮೈಕನ್ನೂ ಅವನು ಬಿಟ್ಟುಹೋಗಿದ್ದ. ಭಾನುವಾರ ಗಂಗಮ್ಮ ಮುಗಿದುಹೋದ ಸೆಲ್ಲು, ಸೋಪು, ಎಣ್ಣೆ ತರಲು ಸಂಡೂರಿಗೆ ಹೋದಳು. ಸಂಜೆ ಮ್ಯಾಚು ಶುರುವಾಗುವ ಮುಂಚೆ ಟಿ.ವಿ.ಯ ಸದ್ದು ತೆಗೆದು, ಮೈಕನ್ನು ತುಟಿಗೆ ಹಿಡಿದು, ಮೆಲ್ಲಗೆ ಹೇಳಿದೆ: "ಹನುಮಂತ, ನಾನಲೇ. ಆವತ್ತು ಹನ್ನೊಂದು ಅಂದಾವ ನೀನು. ಹರಿದಿದ್ದು ನನ್ನ ಅಂಗಿ. ತಪ್ಪಾತು." ನನ್ನ ದನಿ ನನ್ನ ಕಿವಿಗೇ ತಿರುಗಿ ಬಂತು. ಬೆವರು ಒರೆಸಿಕೊಂಡು ಕೂತೆ.

ಐದು ನಿಮಿಷವಾಗಿರಬಹುದು. ಬಾಗಿಲಲ್ಲಿ ಹನುಮಂತಪ್ಪ ನಿಂತಿದ್ದ, ನಾಲ್ಕು ತಿಂಗಳ ಮೇಲೆ ಮೊದಲ ಸಲ. ಹೊರಗಿನ ಸದ್ದು ಕೇಳಲೆಂದು ಗುಂಡಿಯನ್ನು ಇತ್ತ ಸರಿಸಿಕೊಂಡೆ. ಕೇಳಿಸಿತಲ್ಲ ಎಂದು ಸನ್ನೆ ಮಾಡಿದೆ. ಅವನು ಕಿವಿಯ ವೈರು ಕಿತ್ತು, ಯಂತ್ರದಿಂದ ಸೆಲ್ ತೆಗೆದು ಮೇಜಿನ ಮೇಲಿಟ್ಟ. "ಮಧ್ಯಾನ್ನದಿಂದ ಸೆಲ್ ಸತ್ತೈತಿ. ಅಂಗಡಿ ಬಂದ್ ಐತಿ. ನಿನ್ನತ್ರ ಇದ್ರ ಒಂದು ಕೊಡು" ಎಂದ. ಅಂದರೆ ನನ್ನ ತಪ್ಪೊಪ್ಪಿಗೆಯೆಲ್ಲ ಗೋಡೆಯ ಪಾಲಾಗಿತ್ತು. ಇಷ್ಟು ಹತ್ತಿರ ಬಂದವನನ್ನು ಬರಿಗೈಯಲ್ಲಿ ಕಳಿಸಿದರೆ ಮತ್ತೆ ಬಂದಾನೆಯೇ? ಮನೆಯಲ್ಲಿದ್ದದ್ದು ಒಂದೇ ಸೆಲ್, ಅದು ನನ್ನ ಜೇಬಿನಲ್ಲಿತ್ತು. ತೆಗೆದು ಅವನ ಯಂತ್ರಕ್ಕೆ ಹಾಕಿ, ವೈರನ್ನು ಅವನ ಕಿವಿಗೆ ಸಿಕ್ಕಿಸಿದೆ. ಲೋಕದ ಸದ್ದೆಲ್ಲ ನಿಂತಿತು. ಇನ್ನು ಅವನಿಗೆ ಕೇಳುತ್ತದೆ, ನನಗಿಲ್ಲ. ಮೆಲ್ಲಗೆ, ಅವನೊಬ್ಬನಿಗೇ ಕೇಳುವಂತೆ, ಅದೇ ಮಾತನ್ನು ಮತ್ತೆ ಹೇಳಿದೆ. ಅವನಿಗೆ ಸರಿಯಾಗಿ ಕೇಳಿಸದಂತೆ ಕಂಡಿತು, ಕೈಯನ್ನು ಕಿವಿಯ ಹಿಂದಿಟ್ಟು ಬಾಗಿದ. ಮತ್ತೊಮ್ಮೆ ಹೇಳಿದೆ. ಹನ್ನೊಂದು, ಅಂಗಿ, ವಡ್ಡಿನ ಬೀಗರು, ಎಲ್ಲವನ್ನೂ. ಮುಗಿಸಿ ತಿರುಗಿದರೆ ಬಾಗಿಲ ತುಂಬ ಜನ. ಎದುರುಮನೆಯವರು, ಕೊನೆಯ ಮನೆಯವರು, ಸೊಂಟದ ಮೇಲೆ ಕೊಡ ಹೊತ್ತ ಹೆಂಗಸರು, ಅವರ ಹಿಂದೆ ಚೀಲ ಹಿಡಿದ ಗಂಗಮ್ಮ. ಕಿವುಡ ಮೆಲ್ಲಗೆ ಎಂದುಕೊಂಡು ಆಡುವ ಮಾತು ಎಷ್ಟು ದೂರ ಹೋಗುತ್ತದೆಂದು ಅವಳು ಆಮೇಲೆ ತಿಳಿಸಿದಳು. ಬಸ್ ಇಳಿದ ಕಡೆಯಿಂದಲೇ ಅವಳಿಗೆ ಕೇಳಿತ್ತಂತೆ.

ಹನುಮಂತಪ್ಪ ಕುರ್ಚಿ ಎಳೆದು ತಂತಿಯ ನಡುವೆ ನೆಟ್ಟಗೆ ಕೂತ. ನಾನೂ ಪಕ್ಕದಲ್ಲಿ ಕೂತೆ. ಅವನು ಮ್ಯಾಚು ಕೇಳಿದ, ನಾನು ಬರೀ ನೋಡಿದೆ. ಗಂಗಮ್ಮ ಇಬ್ಬರಿಗೂ ಚಹಾ ಕೊಟ್ಟಳು. ನಾಲ್ಕು ತಿಂಗಳಲ್ಲಿ ಅಷ್ಟು ರುಚಿಯಾದ ಚಹಾ ನಾನು ಕುಡಿದಿರಲಿಲ್ಲ. ಮ್ಯಾಚು ಮುಗಿದ ಮೇಲೆ ಅವನು ಎದ್ದು, ನಾಳೆ ಬರುತ್ತೇನೆಂದು ಕೈಸನ್ನೆ ಮಾಡಿ ಹೋದ.

ಅವನು ಬಿಟ್ಟುಹೋದ ಸತ್ತ ಸೆಲ್ ಮೇಜಿನ ಮೇಲೇ ಇತ್ತು. ಗಂಗಮ್ಮ ಚೀಲದಿಂದ ಹೊಸ ಸೆಲ್ ಹುಡುಕುವಷ್ಟರಲ್ಲಿ, ಸುಮ್ಮನೆ ಕೈಗೆ ಸಿಕ್ಕಿದ್ದನ್ನು ನನ್ನ ಯಂತ್ರಕ್ಕೆ ಹಾಕಿ ಗುಂಡಿ ಸರಿಸಿದೆ. ವಾರ್ತೆಯವಳು ಗಂಟೆ ಬಾರಿಸಿದಂತೆ ಮಾತಾಡಿದಳು. ಸೆಲ್ ಗಟ್ಟಿಮುಟ್ಟಾಗಿತ್ತು. ನಾನು ಮೈಕಿನಲ್ಲಿ ಹೇಳಿದ ಒಂದೊಂದು ಮಾತನ್ನೂ ಅವನು ಗೋಡೆಗೆ ಒರಗಿ ಕೇಳಿದ್ದ. ಬೀಗರ ಮುಂದೆ ಹೋದ ಮಾನವನ್ನು ಒಬ್ಬನೇ ಕೂತು ಗೋಡೆಯಿಂದ ಪಡೆಯಲು ಅವನಿಗೆ ಮನಸ್ಸಾಗಿರಲಿಲ್ಲ, ಅಷ್ಟೇ.

ಸಿಟ್ಟು ಮಾಡಲು ನನಗೆ ಮುಖವಿರಲಿಲ್ಲ, ಆದ್ದರಿಂದ ನಕ್ಕೆ. ಮರುದಿನದಿಂದ ಇಬ್ಬರೂ ಒಂದೇ ತಂತಿಯೊಳಗೆ ಕೂತು ನೋಡತೊಡಗಿದೆವು. ಆ ಸೆಲ್ಲಿನ ಮಾತನ್ನು ಅವನೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಆದರೆ ಹೋಟೆಲಿನಲ್ಲಿ ಕೂತಾಗ ಈ ಕಥೆ ಹೇಳದೆ ಇರಲು ನನ್ನಿಂದ ಆಗುತ್ತಿಲ್ಲ. ಹೇಳುವಾಗ, ಅವನ ಸೆಲ್ ಚೆನ್ನಾಗಿದೆಯೆಂದು ನನಗೆ ಮೊದಲೇ ಗೊತ್ತಿತ್ತು, ಪಾಪ ಅವನ ಮನಸ್ಸಿಗೆ ಸಮಾಧಾನವಾಗಲೆಂದು ಬೇಕೆಂದೇ ಜೋರಾಗಿ ಹೇಳಿದೆ ಎಂದು ಈಚೆಗೆ ಒಂದು ಮಾತು ಸೇರಿಸುತ್ತಿದ್ದೇನೆ. ಮೊದಲು ಹನುಮಂತಪ್ಪ ಸುತ್ತಮುತ್ತ ಇಲ್ಲವೆಂದು ನೋಡಿಕೊಂಡು.