ಅತ್ತೆ ಎದ್ದು ಬರದ ಸಿನಿಮಾ

ನಮ್ಮ ಸೋದರತ್ತೆಯಷ್ಟು ದೊಡ್ಡ ಸಿನಿಮಾ ಪಂಡಿತೆ ಕುಷ್ಟಗಿ ತಾಲೂಕಿನಲ್ಲೇ ಇರಲಿಲ್ಲ ಎಂದರೆ ನೀವು ನಗುತ್ತೀರಿ. ನಗ್ರಿ! ನಾನಂತೂ ಮಾತು ಹಿಂದಕ್ಕೆ ತೆಗೆದುಕೊಳ್ಳುವವಳಲ್ಲ. ಸಹಿ ಮಾಡಲು ಬಾರದ ಅತ್ತೆಗೆ ಹೆಬ್ಬೆಟ್ಟೇ ಗತಿ, ಒಪ್ಪುತ್ತೇನೆ. ಆದರೆ ಪರದೆಯ ಮೇಲೆ ಯಾರಾದರೂ ತಪ್ಪು ಮಾಡಿದರೋ, ಕುಳಿತಲ್ಲಿಂದಲೇ ವಿಚಾರಣೆ ಶುರು! ಒಮ್ಮೆ ನಾಯಕನೊಬ್ಬ ಇಪ್ಪತ್ತು ಹುಡುಗಿಯರನ್ನು ಕುಣಿಸುತ್ತಾ ನಾಯಕಿಗೆ ತನ್ನ ಪ್ರೀತಿಯನ್ನು ಹಾಡಿ ಹೇಳಿದ. "ಇಷ್ಟು ಮಂದಿ ಮುಂದ ಒದರತಾನಲ್ಲ, ಇಂವ ಬಾಳೇವು ಮಾಡೂ ಪೈಕಿ ಅಲ್ಲ!" ಎಂದು ಅತ್ತೆ ತೀರ್ಪು ಕೊಟ್ಟಳು. ಮಧ್ಯಂತರದ ನಂತರ ಅವನು ನಾಯಕಿಯನ್ನು ಬಿಟ್ಟೇ ಹೋದ. ಸುತ್ತಲಿನ ಹೆಂಗಸರು ಅತ್ತೆಗೆ ಕೈಮುಗಿಯುವುದೊಂದು ಬಾಕಿ ಇತ್ತು.

ಆಕೆಯ ಗಂಡ, ಅಂದರೆ ನಮ್ಮ ಮಾವ, ಶುದ್ಧ ಮೌನಿ. ನಾಲ್ಕು ಜನರೆದುರು ಹೆಂಡತಿಯ ಜೊತೆ ಮಾತಾಡಿದ್ದನ್ನು ನಾನು ಕಂಡೇ ಇಲ್ಲ. ಆಗಿನ ಮನೆಗಳಲ್ಲಿ ಅದೇ ಪದ್ಧತಿ. ಹೊರಗೆ ಹೊರಟರೆ ಮಾವ ಹತ್ತು ಹೆಜ್ಜೆ ಮುಂದೆ, ಅತ್ತೆ ಹತ್ತು ಹೆಜ್ಜೆ ಹಿಂದೆ. ದಾರಿಯಲ್ಲಿ ಮೂರು ನಾಲ್ಕು ಸಲವಾದರೂ ಮಾವ ಬಗ್ಗಿ ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತಿದ್ದರು. "ಹೊಸಾ ಚಪ್ಪಲ್ ತಗೊಳ್ಳಾಕ ಮಾಮಾಗ ಕೈ ಬರೂದಿಲ್ಲ ನೋಡ್ರಿ!" ಎಂದು ನಾವು ಹುಡುಗಿಯರು ಬೆನ್ನ ಹಿಂದೆ ನಗುತ್ತಿದ್ದೆವು.

ಎಂಬತ್ತರ ದಶಕದ ಶುರುವಿನ ಮಾತು. ಕೊಪ್ಪಳದಲ್ಲಿ ಬಿ.ಎ. ಓದುತ್ತಿದ್ದ ನಾನು ರಜೆಗೆ ಕುಷ್ಟಗಿಗೆ ಹೋಗಿದ್ದೆ. ತಗಡಿನ ಟಾಕೀಸಿಗೆ 'ಅಪರೂಪದ ಪ್ರೇಮಕಥೆ' ಬಂದಿದೆಯೆಂದು ಟಾಂಗಾದಲ್ಲಿ ಮೈಕು ಕಟ್ಟಿಕೊಂಡು ಕೂಗಿದರು. ಯಾರೋ ಹೊಸಬರು ಗೆಳೆಯರನ್ನು ಕೂಡಿಸಿಕೊಂಡು ತೆಗೆದ ಚಿತ್ರವಂತೆ. ಮ್ಯಾಟ್ನಿಗೆ ಹೋದೆವು. ಟಾಕೀಸಿನ ನಡುವೆ ಎದೆಮಟ್ಟದ ಗೋಡೆ. ಈಚೆ ಹೆಂಗಸರು, ಆಚೆ ಗಂಡಸರು. ಮಾವ ಆಚೆ ಹೋದರು.

ಕಥೆ ಕೇಳಿ. ನಾಯಕ ಖಾಲಿ ಕೊಡ ಹಿಡಿದು ನಾಯಕಿಯ ಬಾಗಿಲಿಗೆ ಬರುತ್ತಾನೆ. ಆಕೆ ನೀರು ತುಂಬುತ್ತಾಳೆ. ಅವನು ಅದನ್ನು ಆಕೆಯ ಅಂಗಳದ ಒಣಗಿದ ಗಿಡಕ್ಕೇ ಸುರಿದು ಹೋಗುತ್ತಾನೆ. ಮಾರನೆಯ ದಿನ? ಮತ್ತೆ ಕೊಡ! ಮಾತಿಲ್ಲ, ಹಾಡಿಲ್ಲ, ಫೈಟಿಂಗಂತೂ ಕೇಳಲೇಬೇಡಿ.

"ಸಾಕೋ ಯಪ್ಪಾ, ಗಿಡ ಕೊಳತ ಹೋಗ್ತೈತಿ!" ಎಂದು ಆಚೆಯಿಂದ ಒಬ್ಬ ಒದರಿದ. ಸೀಟಿ, ಬೈಗುಳ! ಮಂದಿ ಗುಂಪುಗುಂಪಾಗಿ ಎದ್ದು ಹೋದರು. ನಾನೂ ಎದ್ದೆ.

"ಏನೂ ತಿಳೀವಲ್ದು, ನಡಿ ಅತ್ತಿ."

"ತಿಳೀಲಿಲ್ಲಂದ್ರ ಬಾಯಿ ಮುಚ್ಚಿ ಕೂಡು!"

ಅಷ್ಟರಲ್ಲಿ ಗಿಡ ಚಿಗುರಿತು. ಮರುಗಳಿಗೆಯಲ್ಲೇ ಮತ್ತೆ ಒಣಗಿ ನಿಂತಿತು. ಇದರಲ್ಲೇನೋ ಗೂಢಾರ್ಥವಿದೆ ಎಂದುಕೊಂಡೆ. ಕಾಲೇಜಿನವಳಲ್ಲವೇ! ಅತ್ತೆ ಮಾತ್ರ ಹಿಂದಕ್ಕೆ ತಿರುಗಿ ಗುಡುಗಿದಳು: "ಏಯ್, ರೀಲ್ ಹಿಂದಮುಂದ ಹಾಕೀಯಲ್ಲೋ! ಚಿಗತಿದ್ದ ಗಿಡ ಮತ್ತ ಹ್ಯಾಂಗ ಒಣಗ್ತು?" ಆಪರೇಟರ್ ನಾಲಿಗೆ ಕಚ್ಚಿಕೊಂಡು ರೀಲು ಬದಲಿಸಿದ.

ಕೊನೆಗೆ ಮ್ಯಾನೇಜರ್ ಬಂದ. "ಅಕ್ಕಾರ, ಟಾಕೀಸ್ ಖಾಲಿ ಆತ್ರಿ. ಬಂದ್ ಮಾಡ್ತೀವ್ರಿ."

"ನಾ ಖಾಲಿ ಕಾಣಸ್ತೀನೇನು? ಆ ಹುಡುಗ ಮತ್ತ ಬರ್ತಾನೋ ಇಲ್ಲೋ, ನೋಡೂತನಕ ಏಳೂದಿಲ್ಲ. ಬೇಕಾದ್ರ ಪೊಲೀಸರನ್ನ ಕರಿ!"

ಮ್ಯಾನೇಜರ್ ತೆಪ್ಪಗೆ ಹೋದ. ಸಿನಿಮಾ ನಡೆಯಿತು. ಕೊನೆಯ ದಿನ ನಾಯಕ ಬರಲೇ ಇಲ್ಲ. ಬಾಗಿಲಲ್ಲಿ ಕಾದು ಕಾದು, ನಾಯಕಿ ತಾನೇ ಕೊಡ ಎತ್ತಿ ಗಿಡಕ್ಕೆ ನೀರು ಹಾಕಿದಳು. ಅಷ್ಟೇ! ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಒಂದ ಮಾತೂ ಆಡಲಿಲ್ಲ. ಇದೆಂಥಾ ಪ್ರೀತಿ ಅತ್ತಿ?" ಎಂದೆ.

"ಮಾತಾಡಿದ್ರಷ್ಟ ಪ್ರೀತಿ ಅಂತ ನಿಮ್ಮ ಯಾವ ಪುಸ್ತಕದಾಗ ಬರದಾರ?"

ದೀಪ ಹತ್ತಿತು. ಎದ್ದು ನೋಡಿದರೆ, ಗೋಡೆಯಾಚೆ ಖಾಲಿ ಬೆಂಚುಗಳ ನಡುವೆ ಮಾವ ಒಬ್ಬರೇ ಕುಳಿತಿದ್ದಾರೆ! ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಲೂ ಇಲ್ಲ.

ಹೊರಗೆ ಬಂದೆವು. ಎಂದಿನಂತೆ ಮಾವ ಹತ್ತು ಹೆಜ್ಜೆ ಮುಂದೆ. ಕೂಡುರಸ್ತೆಯಲ್ಲಿ ಲಾರಿಗಳ ಗದ್ದಲ. ಮಾವನ ಹಿಂದೆ ನಾನೂ ದಾಟಿದೆ, ಅತ್ತೆ ಆಚೆ ಬದಿಯಲ್ಲೇ ಉಳಿದಳು. ಮಾವ ನಿಂತರು, ಬಗ್ಗಿದರು, ಚಪ್ಪಲಿಗೆ ಕೈ ಹಾಕಿದರು. ನನಗೆ ನಗು ಬಂತು. ಹತ್ತಿರ ಹೋಗಿ ನೋಡಿದೆ. ಬಾರು ಗಟ್ಟಿಯಾಗಿಯೇ ಇತ್ತು. ಮಾವನ ಕಣ್ಣು ಚಪ್ಪಲಿಯ ಮೇಲಿರಲಿಲ್ಲ, ಹಿಂದೆ ರಸ್ತೆಯ ಮೇಲಿತ್ತು. ಅತ್ತೆ ದಾಟಿ ಬರುವವರೆಗೂ ಅವರು ಬಗ್ಗಿಯೇ ಇದ್ದರು. ಆಮೇಲೆ ಎದ್ದು, ಮತ್ತೆ ಹತ್ತು ಹೆಜ್ಜೆ ಮುಂದೆ ನಡೆದರು.