ಶಿಕಾರಿಪುರದ ಎದೆ, ಸೊರಬದ ಉಬ್ಬಸ

ಎದೆರೋಗದ ಡಾಕ್ಟರು ಗಂಭೀರವಾಗಿರಬೇಕು ಎಂದು ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ಶಿಕಾರಿಪುರಕ್ಕೆ ಬಂದ ಮೇಲೆ ಅದು ನನ್ನಿಂದ ಒಂದು ವಾರವೂ ಆಗಲಿಲ್ಲ. ಐವತ್ತರ ದಶಕದ ಕೊನೆಯ ಮಾತು ಇದು. ವಾರವೆಲ್ಲ ಶಿಕಾರಿಪುರ, ಒಂದು ದಿನ ಬಸ್ಸು ಹಿಡಿದು ಸೊರಬ. ಕೊರಳಲ್ಲಿ ಹೊಸ ಸ್ಟೆತಸ್ಕೋಪು, ತಲೆಯಲ್ಲಿ ಅದಕ್ಕಿಂತ ಹೊಸ ಜಂಬ. ಆ ಜಂಬ ಇಳಿಸುವ ಕೆಲಸವನ್ನು ರೋಗಿಗಳು ಸರದಿಯ ಮೇಲೆ ಮಾಡುತ್ತಿದ್ದರು, ಒಂದು ವಾರವೂ ತಪ್ಪಿಸದೆ.

ಖಂಡುಗದ ಲೆಕ್ಕ

ಶಿರಾಳಕೊಪ್ಪದ ಸಂತೆಯಲ್ಲಿ ಭತ್ತ ಅಳೆಯುವ ಹಿರಿಯರೊಬ್ಬರು ಕೆಮ್ಮುತ್ತ ಬಂದರು. ರೋಗಿ ಮಾತಾಡುವಾಗ ಎದೆಯ ದನಿ ಹೇಗೆ ಕೇಳುತ್ತದೆ ಎಂದು ನೋಡುವುದು ನಮ್ಮ ಪರೀಕ್ಷೆಯ ಒಂದು ಭಾಗ. ಬೆನ್ನಿಗೆ ಸ್ಟೆತಸ್ಕೋಪು ಇಟ್ಟು, "ಒಂದು ಅನ್ನಿ" ಎಂದೆ.

"ಲಾಭ" ಎಂದರು.

"ಲಾಭ ಅಲ್ಲ, ಒಂದು."

"ಅದನ್ನೇ ಅಂದೆನಲ್ರೀ, ಲಾಭ!"

ಕಾಳು ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಅದು ನನಗೂ ಗೊತ್ತಿತ್ತು. ಆದರೆ ಆಸ್ಪತ್ರೆಯಲ್ಲೂ ಬಿಡುವುದಿಲ್ಲ ಎಂದು ಗೊತ್ತಿರಲಿಲ್ಲ. ಸೋತು, ಅವರಿಗೆ ಬಂದಂತೆ ಎಣಿಸಲು ಬಿಟ್ಟೆ. ಐದರ ಹೊತ್ತಿಗೆ ನನಗೆ ಬೇಕಾದದ್ದು ಕೇಳಿಸಿತ್ತು. ಸಾಕು ಎಂದೆ.

"ನಡುವೆ ನಿಲ್ಸಕ್ಕೆ ಬರಂಗಿಲ್ರೀ. ಇಪ್ಪತ್ತಾಗ್ಲಿ, ಖಂಡುಗ ತುಂಬ್ಲಿ."

ಖಂಡುಗ ತುಂಬುವವರೆಗೆ ಬಗ್ಗಿಯೇ ನಿಂತೆ. ಅವರು ಅಂಗಿ ತೊಡುತ್ತ ಕೇಳಿದರು: "ಅಳತಿ ಸರಿಯಾಗಿ ಬಂತೇನ್ರೀ?"

ಅಜ್ಜನ ಲೇಹ್ಯ

ಹಳೆಯ ಕಾಲದ ವೈದ್ಯ ಹೇಗಿತ್ತು ಎಂದು ಕೆದಕುವ ಹುಚ್ಚು ನನಗೆ ಆಗಲೇ ಹತ್ತಿತ್ತು. ಮುಂದೆ ಅದೇ ಹುಚ್ಚಿಗೆ ಜನ ವೈದ್ಯಕೀಯ ಇತಿಹಾಸಕಾರ ಎಂದು ಮರ್ಯಾದೆಯ ಹೆಸರು ಕೊಟ್ಟರು. ಸೊರಬದ ಹತ್ತಿರ ಕುಬಟೂರಿನ ಒಬ್ಬ ರೈತರ ಮನೆಯಲ್ಲಿ ಅವರ ಅಜ್ಜ ಬರೆದಿಟ್ಟ ವೈದ್ಯದ ಕಡತ ಇದೆ ಎಂದು ತಿಳಿದು ಓಡಿದೆ. ಉಬ್ಬಸಕ್ಕೆ ಲೇಹ್ಯ ಮಾಡುವ ಕ್ರಮವೇ ಮೂರು ಪುಟ ಇತ್ತು. ಅವರು ಓದಿದರು, ನಾನು ಬೆರಳು ಸೆಟೆದುಕೊಳ್ಳುವಷ್ಟು ಬರೆದುಕೊಂಡೆ. ಎಲ್ಲ ಮುಗಿದ ಮೇಲೆ, ಇದರಿಂದ ಯಾರಿಗಾದರೂ ಗುಣವಾಗಿತ್ತೇ ಎಂದು ಕೇಳಿದೆ.

"ಊರೋರಿಗೆಲ್ಲ ಆಗಿತ್ತಂತೆ. ಅಜ್ಜನಿಗೆ ಮಾತ್ರ ಸಾಯೋ ತನಕ ಉಬ್ಬಸ ಬಿಡಲಿಲ್ಲ."

"ಅವರೇ ಮಾಡಿದ ಔಷಧಿ, ಅವರೇ ತಿನ್ನಲಿಲ್ಲವೇ?"

"ಸಿಕ್ಕಿದ್ರೆ ತಿಂತಿದ್ರು ಮಾರಾಯ್ರೆ. ಆದ್ರೆ ಲೇಹ್ಯಕ್ಕೆ ಹಾಕೋ ಬೇರು ಸಿಗೋದು ಗುಡ್ಡದ ತುದೀಲಿ. ಹತ್ತೋಕೆ ಉಬ್ಬಸ ಬಿಡಬೇಕಲ್ಲ!"

ಗಾಡಿಯಲ್ಲಿ ಟ್ರಂಕು

ಇದು ಮಾತ್ರ ನಗು ಬರುವ ಮೊದಲು ನನಗೆ ಚೆನ್ನಾಗಿ ಸಿಟ್ಟು ಬರಿಸಿದ ಪ್ರಸಂಗ. ಈಸೂರಿನ ಕಡೆಯಿಂದ ಅತ್ತೆ, ಮಾವ, ಸೊಸೆ ಎತ್ತಿನ ಗಾಡಿಯಲ್ಲಿ ಬಂದರು. ಸೊಸೆಗೆ ತಿಂಗಳಿಂದ ಕೆಮ್ಮು. ಎದೆಗೆ ಕಿವಿಗೊಟ್ಟರೆ ದೋಷವೇನೂ ಕೇಳಿಸಲಿಲ್ಲ. ಆದರೂ ಖಾತ್ರಿಗೆಂದು ಒಂದು ಡಬ್ಬಿ ಕೊಟ್ಟು, ಬೆಳಗ್ಗೆ ಎದ್ದ ಕೂಡಲೇ ಬರುವ ಕಫವನ್ನು ಹಾಕಿ ತರಲು ಹೇಳಿದೆ.

"ಕ್ಷಯ ಅಂತಾದ್ರೆ ತವರಿಗೆ ಬಿಟ್ಟು ಬರೋದೇ" ಎಂದರು ಅತ್ತೆ.

ಈಗ ಇಂಜೆಕ್ಷನ್ ಬಂದಿದೆ, ಗುಣವಾಗುತ್ತದೆ ಎಂದೆ.

"ಆಗ್ಲಿ ಬಿಡ್ರೀ. ತವರಾಗೇ ಗುಣ ಆಗ್ಲಿ."

ಮರುದಿನ ಡಬ್ಬಿ ಬಂತು. ಗಾಡಿಯಲ್ಲಿ ಸೊಸೆಯ ಟ್ರಂಕೂ ಬಂತು. ಪರೀಕ್ಷೆಗೆ ಮೊದಲೇ ತವರಿಗೆ ಕಳಿಸುವ ತಯಾರಿ ಕಂಡು ನನಗೆ ಸಿಟ್ಟು ಬಂತು. ಕಿಟಕಿಯ ಬೆಳಕಿಗೆ ಮೈಕ್ರೋಸ್ಕೋಪು ಇಟ್ಟು ನೋಡಿದರೆ ಕ್ಷಯದ ಕ್ರಿಮಿಗಳು ಕಿಕ್ಕಿರಿದಿವೆ. ಬೇರೆ ದಾರಿಯಿಲ್ಲದೆ ಹೊರಗೆ ಬಂದು ಹೇಳಿದೆ.

"ನಾ ಹೇಳ್ಲಿಲ್ವಾ?" ಎಂದ ಅತ್ತೆ ಗಂಡನ ಕಡೆ ತಿರುಗಿ, "ಗಾಡಿ ಹೂಡ್ರಿ, ಕತ್ತಲಾಗದ್ರೊಳಗೆ ಬಿಟ್ಟು ಬರಾನ" ಎಂದರು.

ಆಗ ಸೊಸೆ ಮೊದಲ ಸಲ ಬಾಯಿ ತೆರೆದಳು: "ಡಾಕ್ಟ್ರೇ, ಅದು ನಂದಲ್ರೀ. ನಂಗೆ ಕಫಾನೇ ಬರ್ಲಿಲ್ಲ. ಖಾಲಿ ಡಬ್ಬಿ ತಂದ್ರೆ ಬೈತೀರಿ ಅಂತ ಅತ್ತೇರೇ ತಮ್ದು ತುಂಬಿಸಿ ಕೊಟ್ರು."

ನಾನು ಅತ್ತೆಯ ಮುಖ ನೋಡಿದೆ. ಅವರಿಗೆ ಒಂದಿಷ್ಟೂ ಅಳುಕಿರಲಿಲ್ಲ.

"ಯಾರದಾದ್ರೇನ್ರೀ? ಒಂದೇ ಮನೇದು!"

ಅವರನ್ನೇ ಸ್ಟೂಲಿನ ಮೇಲೆ ಕೂರಿಸಿ ಪರೀಕ್ಷೆ ಮಾಡಿದೆ. ಬಲಗಡೆಯ ಎದೆ ಎಲ್ಲವನ್ನೂ ಹೇಳಿತು. ಸೊಸೆಯದು ಬರಿಯ ಒಲೆಯ ಹೊಗೆಯ ಕೆಮ್ಮಿರಬೇಕು, ಕ್ಷಯ ನಿಮಗೆ, ಇಂಜೆಕ್ಷನ್ ತಪ್ಪಿಸದಿದ್ದರೆ ಖಂಡಿತ ಗುಣವಾಗುತ್ತೀರಿ ಎಂದು ತಿಳಿಸಿದೆ. ಸೊಸೆ ಹತ್ತಿರ ಹೋಗಿ ಅವರ ಕೈ ಹಿಡಿದಳು. "ಹೆದರಬ್ಯಾಡ್ರಿ ಅತ್ತೆ, ಮನ್ಯಾಗೇ ಇರ್ರಿ. ನಾ ನೋಡ್ಕೊಂತೀನಿ" ಎಂದಳು.

ಎರಡು ದಿನದಿಂದ ತುಟಿ ಬಿಚ್ಚದಿದ್ದ ಮಾವ ಮೂಲೆಯಲ್ಲಿಟ್ಟಿದ್ದ ಬಾರುಕೋಲು ಎತ್ತಿಕೊಂಡು ನನ್ನ ಹತ್ತಿರ ಬಂದರು. ಮುಖದಲ್ಲಿ ಅಂಥ ಕಳೆಯನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಡಾಕ್ಟ್ರೇ, ನನ್ ಹೆಂಡ್ತಿ ತವರೂ ಅದೇ ದಾರ್ಯಾಗೆ ಐತ್ರೀ. ಗಾಡಿ ಹೂಡ್ಲೇನ್ರೀ?"